ಮೊಳೆ ಬೇಡವೆಂದ ಗೋಡೆಗೆ ಒಂದು ಗುಲಾಬಿ ಚಿತ್ರ

ಫೋಟೋಗಳಿಗೆ ಕಟ್ಟು ಹಾಕುವ ನನ್ನಂಥವನ ಅಂಗಡಿಯಲ್ಲಿ ತಮಾಷೆಗಳು ನಡೆಯುತ್ತಲೇ ಇರುತ್ತವೆ. ತೀರಿಹೋದ ಅಪ್ಪನ ಫೋಟೋ ತಂದು, "ಸ್ವಲ್ಪ ನಗೋಹಂಗ ಮಾಡ್ರಿ, ಬದುಕಿದ್ದಾಗಂತೂ ನಗಲಿಲ್ಲ" ಎಂದವರಿದ್ದಾರೆ. ಮದುವೆಯ ಫೋಟೋ ತಂದು, ಬೀಗರು ನಿಂತ ಕಡೆಗೇ ಕಟ್ಟಿನ ಪಟ್ಟಿ ಬರುವ ಹಾಗೆ ನೋಡಿಕೊಳ್ಳಿ ಎಂದು ಮೆಲ್ಲಗೆ ಹೇಳಿ ಹೋದವರಿದ್ದಾರೆ. ಅವನ್ನೆಲ್ಲ ಹೇಳುತ್ತ ಕುಳಿತರೆ ಅಂಗಡಿ ಮುಚ್ಚುವ ಹೊತ್ತಾಗುತ್ತದೆ. ಗುಲಾಬಿ ಬಣ್ಣದ ಚಿತ್ರಗಳು ಬಂದಾಗ ಆದದ್ದನ್ನಷ್ಟೇ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಮನೆಯ ಗೋಡೆಯ ಸುದ್ದಿ ಹೇಳಲೇಬೇಕು.

ಈಗ ಬಂದೀರೇನ್ರಿ?

ನವನಗರದಲ್ಲಿ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಊರಿಗೆಲ್ಲ ಕಟ್ಟು ಹಾಕಿಕೊಡುವವನ ಮನೆ! ಗಡಿಯಾರ ಟಿವಿಗೆ ಒರಗಿ ಕೂತಿತ್ತು. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ತೂಗುತ್ತಿತ್ತು. ಗಾಳಿ ಜೋರಾದರೆ ತಿಂಗಳು ತಾನೇ ಬದಲಾಗುತ್ತಿತ್ತು. ನಮ್ಮಪ್ಪನ ಫೋಟೋ ಫ್ರಿಜ್ಜಿನ ಮೇಲೆ. ಬಾಗಿಲು ಧಡ್ ಎಂದು ಹಾಕಿದರೆ ಅಪ್ಪ ಮುಂದಕ್ಕೆ ಬಾಗುತ್ತಿದ್ದ. ಹಾಲು ತೆಗೆಯಲು ಹೋದವರೆಲ್ಲ ಅವನಿಗೆ ಹೆದರಿ ಮೆಲ್ಲಗೆ ಬಾಗಿಲು ಹಾಕುತ್ತಿದ್ದರು. ಬದುಕಿದ್ದಾಗಲೂ ಹಾಗೇ ಇತ್ತು.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ. ಅಣೆಕಟ್ಟಿನ ಹಿನ್ನೀರಿಗೆ ಮುಳುಗುತ್ತದೆಂದು ಹಳೇ ಬಾಗಲಕೋಟೆಯ ನಮ್ಮ ಓಣಿ ಖಾಲಿ ಮಾಡಿದ ದಿನ, ಪಡಸಾಲೆಯಲ್ಲಿದ್ದ ಫೋಟೋಗಳನ್ನು ನಾನೇ ಇಳಿಸಿದೆ. ಅದು ಮಣ್ಣಿನ ಗೋಡೆ, ಗುಲಾಬಿ ಬಣ್ಣ ಬೆರೆಸಿದ ಸುಣ್ಣ. ಹೊಗೆಗೆ, ಬಿಸಿಲಿಗೆ ಗೋಡೆಯೆಲ್ಲ ಮಾಸಿತ್ತು. ಫೋಟೋ ಇದ್ದ ಜಾಗಗಳು ಮಾತ್ರ ಬಳಿದ ದಿನದಷ್ಟೇ ಗುಲಾಬಿಯಾಗಿದ್ದವು. ಆ ಚೌಕಗಳನ್ನು ನೋಡಿ ಅವಳು ಹೋ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಇಕ್ಕಳ ಹಿಡಿದು, ಗೋಡೆಯ ಮೊಳೆಗಳನ್ನೆಲ್ಲ ಕಿತ್ತು ಒಂದು ಡಬ್ಬಿಗೆ ತುಂಬಿದಳು.

ಮುಳುಗಡೆಯವರಿಗೆಂದು ನವನಗರದಲ್ಲಿ ಕೊಟ್ಟ ಈ ಹೊಸ ಮನೆಗೆ ಬಂದ ಮೇಲೆ ನಾನು ಸುತ್ತಿಗೆ ಹಿಡಿದಾಗಲೆಲ್ಲ ಅವಳದು ಒಂದೇ ಮಾತು: "ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ಮೊಳಿ ಹೊಡದ್ರ ಇದ ನಮ್ಮನಿ ಅಂದಂಗ ಆಗತೈತಿ."

"ಮತ್ತ ಇದು ಯಾರ ಮನಿ?"

"ಇದು ಇರಾಕ ಕೊಟ್ಟಿದ್ದು."

ನನಗೇನು ಹಳೇ ಊರು ಬೇಡವಾಗಿತ್ತೇ? ನನ್ನ ಹಳೇ ಅಂಗಡಿಯ ಕಟ್ಟೆ, ಸಂಜೆ ಹೊಳೆಯ ಕಡೆಯಿಂದ ಬರುತ್ತಿದ್ದ ಗಾಳಿ, ಇವತ್ತಿಗೂ ಬೇಕು ಅನ್ನಿಸುತ್ತದೆ. ಆದರೂ ಮನುಷ್ಯ ಗಡಿಯಾರ ನೋಡಲು ಬಗ್ಗುವಂತಾಗಬಾರದು ನೋಡಿ.

ಒಮ್ಮೆ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೆಣ್ಣುಮಗಳು ಪರಿಚಯಕ್ಕೆಂದು ನಮ್ಮಲ್ಲಿಗೆ ಬಂದಳು. ಬೋಳು ಗೋಡೆ, ನೆಲದ ಮೇಲಿಟ್ಟು ಗೋಡೆಗೆ ಒರಗಿಸಿದ ದೇವರ ಫೋಟೋ ನೋಡಿ, "ನೀವೂ ಈಗ ಬಂದೀರೇನ್ರಿ ಈ ಮನಿಗೆ?" ಎಂದಳು.

"ಹೌದ್ರಿ, ಇನ್ನೂ ಸಾಮಾನು ಹಚ್ಚೋದು ಮುಗಿದಿಲ್ಲ" ಎಂದಳು ನನ್ನ ಹೆಂಡತಿ.

ಆಗ ಒಳಗಿನಿಂದ ಚಹಾ ತಂದುಕೊಟ್ಟವಳು, ಈ ಮನೆಯಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಮದುವೆಯಾಗಿ ಹೋಗಿ, ಬಾಣಂತನಕ್ಕೆ ಬಂದಿದ್ದ ನಮ್ಮ ಮಗಳು.

ನಿನಗ ಹೆಂಗ ಗೊತ್ತು?

ಹುಬ್ಬಳ್ಳಿಯ ಸಗಟು ವ್ಯಾಪಾರಿ ನನಗೆ ದೇವರ ಫೋಟೋ ಕಳಿಸುವವನು. ಒಂದು ಸಲ ಅವನ ಪಾರ್ಸೆಲ್ಲು ಬಿಚ್ಚಿ ನೋಡಿದರೆ ದೇವರ ಫೋಟೋಗಳ ಕೆಳಗೆ ಬೇರೆ ಚಿತ್ರಗಳ ಸುರುಳಿ. ಅಷ್ಟೂ ಗುಲಾಬಿ. ಗುಲಾಬಿಯ ಮೇಲೆ ಬಿಳಿ, ಕೆಂಪು, ಕಂದು ಚುಕ್ಕೆಗಳು, ಚುಕ್ಕೆಯ ಸುತ್ತ ಚುಕ್ಕೆಯ ಬಳೆಗಳು, ಬಳೆಯಿಂದ ಬಳೆಗೆ ಹೋಗುವ ಗೆರೆಗಳು. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಚುಕ್ಕೆ ಇಡುತ್ತ ಇಡುತ್ತ ಗೆರೆ ಎಳೆಯುವುದನ್ನೇ ಮರೆತಂತಿತ್ತು.

ಫೋನು ಮಾಡಿದೆ. "ಆಸ್ಟ್ರೇಲಿಯಾದ ಮೂಲನಿವಾಸಿಗಳು ಬರೆಯೋ ಚಿತ್ರರಿ ಅವು. ಅಬೋರಿಜಿನಲ್ ಅಂತಾರ. ಅವುಗಳ ಪ್ರಿಂಟು. ಈಗ ಎಲ್ಲಾರೂ ಮನ್ಯಾಗ ಹಾಕ್ತಾರ" ಎಂದ.

"ಎಲ್ಲಾ ಗುಲಾಬಿನ ಯಾಕ?"

"ಉಳಿದ ಬಣ್ಣ ಹುಬ್ಬಳ್ಳಿಯೊಳಗ ಖಾಲಿ ಆದ್ವು."

ಬಂದದ್ದನ್ನು ವಾಪಸು ಕಳಿಸುವ ಜಾತಿಯವನಲ್ಲ ನಾನು. ಒಂದಕ್ಕೆ ಚೆಂದದ ಕಟ್ಟು ಹಾಕಿ, ಗಾಜು ಕೂರಿಸಿ, ಅಂಗಡಿಯಲ್ಲಿ ದೇವರುಗಳ ನಡುವೆ ತೂಗುಹಾಕಿದೆ. ಮರುದಿನ ಕುರಿ ಕಾಯುವ ಮನೆತನದ ಅಜ್ಜಿಯೊಬ್ಬಳು ತಮ್ಮ ಮನೆದೇವರು ಬೀರಪ್ಪನ ಫೋಟೋ ಒಯ್ಯಲು ಬಂದಳು. ಬಂದವಳೇ ಗುಲಾಬಿ ಚಿತ್ರದ ಮುಂದೆ ನಿಂತು, ಸೆರಗು ಹೊದ್ದುಕೊಂಡು, ಕಣ್ಣು ಮುಚ್ಚಿ ಕೈ ಮುಗಿದಳು. ಬಹಳ ಹೊತ್ತು ಮುಗಿದಳು.

"ಯವ್ವಾ, ಅದು ದೇವರಲ್ಲ" ಎಂದೆ.

ಅಜ್ಜಿ ಕಣ್ಣು ತೆರೆದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿನಗ ಹೆಂಗ ಗೊತ್ತು?" ಎಂದಳು.

ಗಂಡ ಹಿಡಿದ ಚಿತ್ರ

ಮೊದಲ ಗಿರಾಕಿ ಕಾಲೇಜಿನ ಮೇಡಂ ಒಬ್ಬರು. ಕೈಯಲ್ಲಿ ಸೋಫಾದ ದಿಂಬು, ಬಗಲಲ್ಲಿ ಪರದೆಯ ತುಂಡು, ಹಿಂದೆ ಗಂಡ.

"ನಮ್ಮ ಹಾಲ್‌ನ ಗ್ವಾಡಿಗೆ ಗುಲಾಬಿನ ಬೇಕ್ರಿ. ಆದ್ರ ಕಣ್ಣಿಗೆ ಹೊಡೆಯೋ ಗುಲಾಬಿ ಬ್ಯಾಡ. ಐತೋ ಇಲ್ಲೋ ಅನ್ನೋಹಂಗೂ ಇರಬಾರದು" ಎಂದರು.

ಎಲ್ಲವನ್ನೂ ಹರವಿದೆ. ಮೇಡಂ ಗಂಡನನ್ನು ಗೋಡೆಗೆ ನಿಲ್ಲಿಸಿ, ಎದೆಯ ಮುಂದೆ ಒಂದೊಂದೇ ಚಿತ್ರ ಹಿಡಿಸಿ, ದೂರ ನಿಂತು ನೋಡಿದರು. ದಿಂಬನ್ನು ಅವನ ತಲೆಯ ಮೇಲಿಟ್ಟರು. ಪರದೆಯ ತುಂಡನ್ನು ಹೆಗಲಿಗೆ ಹಾಕಿದರು. ಕೊನೆಗೆ ಎರಡು ಉಳಿದವು. ಒಂದು ತಿಳಿ ಗುಲಾಬಿ, ಇನ್ನೊಂದು ಮಾಸದ ಗಾಢ ಗುಲಾಬಿ.

"ನೀವೂ ಒಂದು ಮಾತು ಹೇಳ್ರಲಾ" ಎಂದರು ಮೇಡಂ.

"ಈ ತಿಳೀದು ಚೊಲೊ ಐತಿ."

"ಹಂಗಾರ ಆ ಇನ್ನೊಂದಕ್ಕ ಕಟ್ಟು ಹಾಕ್ರಿ" ಎಂದು ಮೇಡಂ ದಿಂಬು ಎತ್ತಿಕೊಂಡು ನಡೆದರು.

ಅವರಿಬ್ಬರೂ ತಮ್ಮ ಗೋಡೆಗಾಗಿ ಅಷ್ಟು ಹೊತ್ತು ಬಡಿದಾಡಿದ್ದನ್ನು ನೋಡಿ ನನಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು. ನನ್ನ ಮನೆಯಲ್ಲಿ ಬಡಿದಾಡಲಿಕ್ಕಾದರೂ ಒಂದು ಮೊಳೆ ಬೇಕಲ್ಲ. ಮೇಡಂ ಆರಿಸಿದ್ದರ ಜೋಡಿ, ಥೇಟ್ ಅದರಂಥದೇ ಇನ್ನೊಂದು, ಸುರುಳಿಯಲ್ಲಿತ್ತು. ಯಾಕೋ ಅದನ್ನು ತೆಗೆದು ಬೇರೆ ಇಟ್ಟೆ.

ಕಟ್ಟು ಹಾಕಿದ ಚಿತ್ರ ಒಯ್ಯಲು ಗಂಡ ಒಬ್ಬನೇ ಬಂದ. "ಪಾಪ, ನಿಮಗ ಸೇರಿದ್ದು ಸಿಗಲಿಲ್ಲ ನೋಡ್ರಿ" ಎಂದೆ.

ಅವನು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ನನಗ ಇದ ಬೇಕಿತ್ತು. ಅದಕ್ಕ ಅದು ಚೊಲೊ ಐತಿ ಅಂದಿದ್ದೆ" ಎಂದ.

ಇಳಕಲ್ಲಿನ ಸಾಹುಕಾರರ ಸಂಕಟ

ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟ ಸಾಹುಕಾರರೊಬ್ಬರು ನನ್ನ ಹಳೇ ಗಿರಾಕಿ. ಬಂದಾಗಲೆಲ್ಲ ದಾರಿಯಲ್ಲಿ ಅಮೀನಗಡದಲ್ಲಿಳಿದು ಕರದಂಟು ತರುವ ಒಳ್ಳೆಯ ಬುದ್ಧಿ ಅವರಿಗಿದೆ. ಒಂದು ಗುಲಾಬಿ ಚಿತ್ರ ಒಯ್ದು, ಅಂಗಡಿಯಲ್ಲಿ ತಮ್ಮ ಗಾದಿಯ ಹಿಂದೆ ಹಾಕಿಸಿಕೊಂಡರು.

ತಿಂಗಳೊಳಗೆ ಮುಖ ಸಣ್ಣದು ಮಾಡಿಕೊಂಡು ಬಂದರು. ಆದದ್ದಿಷ್ಟು. ಮದುವೆಯ ಜವಳಿಗೆಂದು ಬಂದ ಮಂದಿ ಗಾದಿ ತುಂಬ ಸೀರೆ ಬಿಚ್ಚಿಸಿದರು. ಮದುಮಗಳ ಕಣ್ಣು ಮಾತ್ರ ಗೋಡೆಯ ಮೇಲೆ. "ನನಗ ಆ ಗುಲಾಬಿ ಸೀರಿನ ಬೇಕು" ಎಂದಳು.

"ತಂಗೀ, ಅದು ಸೀರಿ ಅಲ್ಲವಾ, ಚಿತ್ರ" ಎಂದರು ಸಾಹುಕಾರರು.

ಮದುಮಗಳ ಅಜ್ಜಿಗೆ ಸಿಟ್ಟು ಬಂತು. "ಯಾರಿಗೋ ತೆಗೆದಿಟ್ಟೀರಿ, ಅದಕ್ಕ ಗಾಜಿನ್ಯಾಗ ಹಾಕೀರಿ. ಇಳಸ್ರಿ, ಸೆರಗು ನೋಡೋಣು."

ಇಳಿಸಿ ತೋರಿಸಿದರು. ಅಜ್ಜಿ ಗಾಜು ಸವರಿ, ಹಿಂದಿನ ಹಲಗೆ ತಟ್ಟಿ, "ಗಂಜಿ ಭಾಳ ಹಾಕ್ಯಾರ" ಎಂದಳು. ಚಿತ್ರವೆಂದು ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತು. ಮದುಮಗಳು ಬಿಡಲಿಲ್ಲ. ಅದೇ ಬಣ್ಣದ ಸೀರೆ ತೆಗೆದುಕೊಳ್ಳುತ್ತೇನೆ, ಆದರೆ ಚಿತ್ರವನ್ನೂ ಅದರ ಜೊತೆ ಪುಕ್ಕಟೆ ಕೊಡಬೇಕು ಎಂದು ಹಟ ಹಿಡಿದಳು. ಹೊಸ ಮನೆಗೆ ಹೋಗುವ ಹುಡುಗಿ, ತನ್ನದು ಅಂತ ಏನಾದರೂ ಒಂದು ಗೋಡೆಗೆ ಇರಲಿ ಅಂದಳಂತೆ. ಸಾಹುಕಾರರ ಮನಸ್ಸು ಕರಗಿತು, ಕೊಟ್ಟುಬಿಟ್ಟರು.

"ಗಾದಿ ಹಿಂದ ಈಗ ಬೋಳು ಕಾಣಾಕತ್ತೇತಿ. ಇನ್ನೊಂದು ಕೊಡ್ರಿ. ಆದ್ರ ಈ ಸಲ ಯಾರಿಗೂ ಸೇರದಂಥ ಬಣ್ಣ ಇರಲಿ" ಎಂದರು.

ನನ್ನ ಹತ್ತಿರ ಗುಲಾಬಿ ಬಿಟ್ಟು ಬೇರೆ ಎಲ್ಲಿತ್ತು? ಮತ್ತೊಂದು ಗುಲಾಬಿಯನ್ನೇ ಒಯ್ದರು. ಈಗ ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದಾರಂತೆ: 'ಇದು ಸೀರೆ ಅಲ್ಲ.'

ಬಾದಾಮಿಯಲ್ಲಿ ದಾರಿ ತೋರಿದ್ದು

ಬಾದಾಮಿಯಲ್ಲಿ ಸಣ್ಣ ಲಾಡ್ಜ್ ನಡೆಸುವವರೊಬ್ಬರು ಒಂದು ಚಿತ್ರ ಒಯ್ದು ಬಾಗಿಲ ಎದುರಿಗೇ ಹಾಕಿದರು. ಅವರ ಕಷ್ಟ ಬೇರೆ. ಬಂದವರಲ್ಲಿ ಒಬ್ಬರು "ಉಲ್ಟಾ ಹಾಕೀರಿ" ಎನ್ನುವುದು, ಇವರು ತಿರುಗಿಸುವುದು. ಸಂಜೆ ಇನ್ನೊಬ್ಬರು "ಉಲ್ಟಾ ಐತಲ್ರಿ" ಎನ್ನುವುದು, ಮತ್ತೆ ತಿರುಗಿಸುವುದು. ನನಗೆ ಫೋನು ಮಾಡಿ, "ಇದರ ತಲಿ ಯಾವ ಕಡೆ ಐತಿ ಹೇಳ್ರಿ" ಎಂದು ಕೇಳಿದರು. ಕಟ್ಟು ಹಾಕಿದವನು ನಾನು, ನನಗೂ ಗೊತ್ತಿರಲಿಲ್ಲ. "ಮೊಳಿ ಇದ್ದ ಕಡೆ" ಎಂದುಬಿಟ್ಟೆ.

ಅಷ್ಟರಲ್ಲಿ ಗುಹೆ ನೋಡಲು ಬಂದ ಆಸ್ಟ್ರೇಲಿಯಾದ ವಯಸ್ಸಾದ ಹೆಣ್ಣುಮಗಳೊಬ್ಬಳು ಆ ಲಾಡ್ಜಿನಲ್ಲಿ ಇಳಿದಳು. ಚಿತ್ರದ ಮುಂದೆ ನಿಂತವಳು ಕದಲಲಿಲ್ಲ. ಏನು ತಪ್ಪಾಯಿತೋ ಎಂದು ಮಾಲೀಕರು ಗಾಬರಿಯಾಗಿ ಗೈಡನನ್ನು ಕರೆಸಿದರು. ಅವಳು ಹೇಳಿದ್ದನ್ನು ಗೈಡ ಕನ್ನಡದಲ್ಲಿ ಹೇಳಿದನಂತೆ: ಇದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಇದು ನೆಲ, ಮೇಲಿನಿಂದ ನೋಡಿದ ಹಾಗೆ ಬರೆದದ್ದು. ಈ ಬಳೆಗಳು ನೀರಿರುವ ಜಾಗ, ಈ ಗೆರೆಗಳು ಕಾಲುದಾರಿ. ಬರೆದವರು ತಮ್ಮ ನೆಲವನ್ನೇ ಬರೆದಿರುತ್ತಾರೆ. ನೆಲ ಬಿಟ್ಟು ದೂರ ಹೋಗಬೇಕಾಗಿ ಬಂದವರೂ ಹೀಗೆ ಬರೆಯುತ್ತಾರೆ, ಅವರಿಗೆ ಅದು ಬಾಯಿಪಾಠ ಇರುತ್ತದೆ.

ಮಾಲೀಕರು ಮರುದಿನವೇ ಚಿತ್ರವನ್ನು ಗೋಡೆಯಿಂದ ಇಳಿಸಿ ಟೇಬಲ್ಲಿನ ಗಾಜಿನ ಕೆಳಗೆ ಮಲಗಿಸಿದರು. ಉಲ್ಟಾ ಎನ್ನುವವರ ಕಾಟ ತಪ್ಪಿತು. ಆದರೆ ಈಗ ಬಂದ ಪ್ರವಾಸಿಗರೆಲ್ಲ ಅದನ್ನು ಬಾದಾಮಿಯ ನಕಾಶೆ ಎಂದೇ ತಿಳಿದು, "ಹೊಂಡ ಎಲ್ಲೇತ್ರಿ? ಗುಹೆಗೆ ದಾರಿ ಯಾವುದು?" ಎಂದು ಅದರ ಮೇಲೆ ಬೆರಳಿಟ್ಟು ಕೇಳುತ್ತಾರಂತೆ.

"ನೀವು ಏನು ಹೇಳ್ತೀರಿ?" ಎಂದೆ.

"ಒಂದು ಗೆರಿ ತೋರಸ್ತೇನಿ. ಇಲ್ಲೀತನಕ ಯಾರೂ ದಾರಿ ತಪ್ಪಿಲ್ರಿ!"

ಚುಕ್ಕೆ ಹೆಚ್ಚಾದದ್ದು

ಈ ಬಾದಾಮಿ ಸುದ್ದಿಯನ್ನು ನಾನು ನಗುತ್ತ ನನ್ನ ಹೆಂಡತಿಗೆ ಹೇಳಿದ್ದು ಅಂಗಡಿಯಲ್ಲಿ. ಅವಳು ಊಟದ ಬುತ್ತಿ ತಂದಿದ್ದಳು. ನಾನು ಎತ್ತಿಟ್ಟಿದ್ದ ಆ ಜೋಡಿ ಚಿತ್ರ ಮೇಜಿನ ಮೇಲೆ ಹರವಿಕೊಂಡು ಬಿದ್ದಿತ್ತು. ಅವಳು ನಗಲಿಲ್ಲ. ಬುತ್ತಿಯನ್ನು ಬದಿಗಿಟ್ಟು, ಚಿತ್ರದ ಮೇಲೆ ಬಗ್ಗಿ ನಿಂತಳು.

"ಈ ಗುಲಾಬಿ..." ಎಂದಳು. "ನಮ್ಮ ಪಡಸಾಲಿ ಗ್ವಾಡೀದು. ಫೋಟೋ ತೆಗೆದಲ್ಲಿ ಇತ್ತಲ್ಲ, ಆ ಗುಲಾಬಿ."

ಖರೆ ಅಂದರೆ, ಅದನ್ನು ಯಾಕೆ ಎತ್ತಿಟ್ಟೆ ಎಂಬುದು ನನಗೂ ಆಗಲೇ ಗೊತ್ತಾದದ್ದು.

ಅವಳು ಅಗಲವಾದ ಗೆರೆಯೊಂದರ ಮೇಲೆ ಬೆರಳಿಟ್ಟಳು. "ಇದು ಹೊಳಿ." ಬೆರಳು ಮೆಲ್ಲಗೆ ಸರಿಯಿತು. "ಇಲ್ಲಿ ಇಳಿಜಾರು. ಇದು ಹಿಟ್ಟಿನ ಗಿರಣಿ. ಇಲ್ಲಿ ಹೊಳ್ಳಿದ್ರ ನಮ್ಮ ಓಣಿ. ಇದು ಬೇವಿನ ಗಿಡ. ಇದು..." ಬೆರಳು ಒಂದು ಬಿಳಿ ಚುಕ್ಕೆಯ ಮೇಲೆ ನಿಂತಿತು. ಊಟ ಆರಿಹೋಯಿತು.

ಅಂದೇ ಕಟ್ಟು ಹಾಕಿ ಮನೆಗೆ ಒಯ್ದೆ. ಎಲ್ಲಿ ಒರಗಿಸಿಡಲಿ ಎಂದು ಜಾಗ ಹುಡುಕುತ್ತಿದ್ದರೆ, ಅವಳು ಸ್ಟೂಲು ಹತ್ತಿ ಅಟ್ಟದ ಮೇಲಿನಿಂದ ಆ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು, ಹಳೇ ಮನೆಯ ಮೊಳೆಯೊಂದನ್ನು ನನ್ನ ಕೈಗಿಟ್ಟು, "ಹೊಡೀರಿ" ಎಂದಳು.

ಇಷ್ಟು ವರ್ಷ ಕಾದ ಹೊಡೆತ. ಹೊಡೆದೆ, ಮೊಳೆ ಬಾಗಿತು. ಇನ್ನೊಂದು ಕೊಟ್ಟಳು, ಅದೂ ಬಾಗಿತು. ಮಣ್ಣಿನ ಗೋಡೆಗೆ ರೂಢಿಯಾದ ಮೊಳೆಗಳು. ಸಿಮೆಂಟು ಅವುಗಳಿಗೆ ಹೊಸದು. ಕೊನೆಗೆ ಡ್ರಿಲ್ಲಿನಿಂದ ತೂತು ಕೊರೆದು, ಅದರಲ್ಲಿ ಕಟ್ಟಿಗೆಯ ತುಂಡು ಬಡಿದು, ಕಟ್ಟಿಗೆಗೆ ಮೊಳೆ ಹೊಡೆದೆ. ನಿಂತಿತು. ಚಿತ್ರ ತೂಗುಹಾಕಿ ಹಿಂದೆ ಸರಿದು ನೋಡಿದೆವು. ಅವಳು ಒಳಗೆ ಹೋಗಿ, ಅಪ್ಪನ ಫೋಟೋವನ್ನು ಫ್ರಿಜ್ಜಿನ ಮೇಲಿನಿಂದ ತಂದು, "ಇವರಿಗೂ ಒಂದು ಹೊಡೀರಿ, ಭಾಳ ದಿನ ನಿಂತಾರ" ಎಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಗಾಜು ಸ್ವಚ್ಛ ಉಳಿಯುತ್ತಿತ್ತು. ಹಳೇ ಊರಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ, ಓಣಿಯವರೆಲ್ಲ ಕಾಕು ಎಂದು ಕರೆಯುವ ಹಿರಿಯ ಹೆಂಗಸು ಈಗ ನವನಗರದ ಬೇರೆ ಸೆಕ್ಟರಿನಲ್ಲಿದ್ದಾರೆ. ಸುದ್ದಿ ಕೇಳಿ ಆಟೋ ಮಾಡಿಕೊಂಡು ಬಂದರು. ನನ್ನ ಹೆಂಡತಿ ಹೊಳೆ ತೋರಿಸಿದಳು, ಓಣಿ ತೋರಿಸಿದಳು, ನಮ್ಮ ಮನೆ ತೋರಿಸಿದಳು. ಕಾಕು ಕನ್ನಡಕ ಏರಿಸಿ, "ನಮ್ಮನಿ ಎಲ್ಲೇತಿ?" ಎಂದರು.

"ಇಲ್ಲೇ, ಎದುರಿಗೆ."

"ಇಷ್ಟ ಸನೇದಾಗ? ಅಂದ್ರ ನಿಮ್ಮ ಕಟ್ಟಿ ನಮ್ಮ ಬಾಗಲಾ ಮುಟ್ಟೇತಿ! ಆಗೂ ಇದ ಜಗಳ. ಊರು ಮುಳುಗಿದ್ರೂ ನೀವು ಕಟ್ಟಿ ಹಿಂದ ಸರಸವಲ್ರಿ!"

"ಕಾಕು, ಕಟ್ಟಿ ನಮ್ಮ ಜಾಗದಾಗ ಇತ್ತು!"

"ಗೇಣು ಹಾಕಿ ತೋರಸು!"

ಇಬ್ಬರೂ ಗಾಜಿನ ಮೇಲೆ ಗೇಣು ಹಾಕತೊಡಗಿದರು. ದನಿ ಏರಿತು. ಹೊಳೆಯ ತಳದಲ್ಲಿರುವ ಕಟ್ಟೆಗಾಗಿ ನವನಗರದಲ್ಲಿ ಜಗಳ! ನಾನು ಬಿಡಿಸಲು ಹೋಗಲಿಲ್ಲ. ಈ ಮನೆಗೆ ಬಂದಾಗಿನಿಂದ ಮೊದಲ ಸಲ ಮನೆಯಲ್ಲಿ ನಮ್ಮ ಓಣಿಯ ಸದ್ದು ಕೇಳುತ್ತಿತ್ತು. ಕಾಕು ಕೊನೆಗೆ ನಮ್ಮ ಕನ್ನಡಿಯ ಹತ್ತಿರವಿದ್ದ, ಹಣೆಗೆ ಅಂಟಿಸುವ ಟಿಕಳಿ ಪಾಕೀಟು ತಂದು, ಒಂದು ಕೆಂಪು ಟಿಕಳಿ ಕಿತ್ತು, ಸ್ವಲ್ಪ ದೂರದಲ್ಲಿ ಗಾಜಿಗೆ ಒತ್ತಿ ಅಂಟಿಸಿದರು. "ಇದು ನಮ್ಮನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಚಹಾ ಕುಡಿದು ಹೋದರು.

ಆಮೇಲೆ ಹಳೇ ಓಣಿಯಿಂದ ಚದುರಿದವರ ಸಾಲು. ಕಾಕು ಅಂಟಿಸಿದ್ದಾರಂತೆ, ನಮ್ಮದೂ ಇರಲಿ. ಗಿರಣಿಯವರು ಬಂದರು, ಬೇವಿನ ಗಿಡದ ಬುಡದಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದ ಸಿಂಪಿಗನೂ ಬಂದ. ಕೆಲವರು ಜಗಳಾಡಿ ಅಂಟಿಸಿದರು, ಕೆಲವರು ಅಂಟಿಸಿ ಅತ್ತರು. ನನ್ನ ಹೆಂಡತಿ ಪಾಕೀಟು ಹಿಡಿದು ನಿಂತು ಜಾಗ ಹಂಚಿದಳು. ಬಂದವರು ಯಾರೂ "ಈಗ ಬಂದೀರೇನು" ಎಂದು ಕೇಳಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಇನ್ನೊಂದು ಫೋಟೋಗೆ ಕಟ್ಟು ಹಾಕಿಸಲು ಕಾಲೇಜಿನ ಮೇಡಂ ಗಂಡನ ಜೊತೆ ಮನೆಗೇ ಬಂದರು, ಅಂಗಡಿ ಮುಚ್ಚಿತ್ತೆಂದು. ಪಡಸಾಲೆಗೆ ಕಾಲಿಟ್ಟವರು ಗೋಡೆ ನೋಡಿ ನಿಂತುಬಿಟ್ಟರು.

"ಇದು ನಮ್ಮ ಚಿತ್ರದ ಜೋಡಿ ಅಲ್ಲೇನ್ರಿ?" ಹತ್ತಿರ ಹೋದರು. "ಇದರಾಗ ಚುಕ್ಕಿ ಭಾಳ ಅದಾವು! ನಮಗ ಕಡಿಮಿ ಚುಕ್ಕೀದು ಕೊಟ್ಟು, ಚೊಲೊದು ನೀವು ಇಟಗೊಂಡೀರಿ! ನಮಗ ಇದ ಬೇಕು, ಬದಲಿ ಮಾಡಿಕೊಡ್ರಿ."

ಗಂಡ ಮಾತ್ರ ಚಿತ್ರವನ್ನೂ ನನ್ನನ್ನೂ ನೋಡಿ, ಜಾಣತನದಿಂದ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ನನ್ನ ಹೆಂಡತಿ ಚಹಾ ತಂದಳು.

"ಅಕ್ಕಾರ, ನಿಮ್ಮ ಊರು ಯಾವುದ್ರಿ?"

"ಹುನಗುಂದ್ರಿ."

"ಮುಳುಗೇತೇನ್ರಿ?"

"ಏ, ಇಲ್ರಿ! ಅದ್ಯಾಕ ಮುಳುಗತೈತಿ?"

"ಹಂಗಾರ ನಿಮಗ ಅಷ್ಟ ಚುಕ್ಕಿ ಸಾಕ್ರಿ" ಎಂದಳು ನನ್ನ ಹೆಂಡತಿ. "ಚಹಾ ತಗೋರಿ."